ನಿಲ್ಲದ ಲೈನು

ಕನ್ನಡದ ಒಂದು ಕ್ರಿಯಾಪದ ನನ್ನನ್ನು ಎರಡು ವರ್ಷ ಕಾರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಇಟ್ಟಿತ್ತು. ಸಿಂಗಾಪುರಕ್ಕೆ ಬಂದ ಹೊಸದರಲ್ಲಿ ಗದಗಿಗೆ ಫೋನು ಮಾಡಿದಾಗ ಅಪ್ಪ, ‘ಏನ ಕೆಲಸಪಾ ಅಲ್ಲೆ?’ ಎಂದು ಕೇಳಿದ. ‘ದಿನಾ ನಾಕ ಕಾರ್ ತಗೀತೀವಿ’ ಎಂದೆ. ನಾನು ಹೇಳಿದ್ದು ರಸ್ತೆಯಿಂದ ತೆಗೆಯುವುದು, ಇಲ್ಲವಾಗಿಸುವುದು. ಆದರೆ ನಮ್ಮ ಕಡೆ ಗಿರಣಿಯವರು ಬಟ್ಟೆ ತೆಗೆಯುತ್ತಾರೆ, ಗಾಣದವರು ಎಣ್ಣೆ ತೆಗೆಯುತ್ತಾರೆ, ನೀರಾವರಿ ಇದ್ದವರು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅಪ್ಪ ಹತ್ತಿ ಗಿರಣಿಯ ವರ್ಕ್‌ಶಾಪಿನಲ್ಲಿ ಆಯುಷ್ಯವಿಡೀ ಲೇತ್ ಮುಂದೆ ನಿಂತ ಟರ್ನರ್. ಅವನ ಕಿವಿಗೆ ತೆಗೆಯುವುದೆಂದರೆ ತಯಾರು ಮಾಡುವುದು. ‘ದಿನಕ್ಕ ನಾಕ! ಭೇಷ್!’ ಎಂದ. ಮರುದಿನವೇ ಓಣಿಯ ಮಂದಿಗೆಲ್ಲ ಬೂಂದಿ ಉಂಡಿ ಹಂಚಿದನಂತೆ.

ಆಗಲೇ ತಿದ್ದಬಹುದಿತ್ತು. ಒಂದು ನಿಮಿಷದ ಮಾತು. ತಿದ್ದಲಿಲ್ಲ. ಉಂಡಿ ತಿಂದವರ ಬಾಯಿಂದ ಉಂಡಿ ವಾಪಸು ತೆಗೆಯಲಾಗುತ್ತದೆಯೇ?

ನನ್ನ ನಿಜವಾದ ಕೆಲಸ ಉಬಿ ಎನ್ನುವ ಬಡಾವಣೆಯಲ್ಲಿತ್ತು, ಸಾಲುಸಾಲು ಗ್ಯಾರೇಜುಗಳ ನಡುವಿನ ಒಂದು ಶೆಡ್ಡಿನಲ್ಲಿ. ಈ ದೇಶದಲ್ಲಿ ಕಾರಿಗೆ ಹತ್ತು ವರ್ಷದ ಪರವಾನಗಿ. ಅದು ಮುಗಿದರೆ ಮತ್ತೆ ದುಡ್ಡು ಕಟ್ಟಬೇಕು, ಇಲ್ಲವೇ ಕಾರನ್ನು ಕಳಿಸಿಬಿಡಬೇಕು. ಆ ವರ್ಷಗಳಲ್ಲಿ ಎಲ್ಲರ ಕೈಯಲ್ಲೂ ಕಾಸು ಓಡಾಡುತ್ತಿತ್ತು. ಎಲ್ಲಿ ನೋಡಿದರೂ ಕ್ರೇನು, ಅಗೆದ ರಸ್ತೆ, ಹೊಸ ಕಾಂಡೊ ಕಟ್ಟಡ. ಪರವಾನಗಿ ಅಗ್ಗವಾಗಿತ್ತು, ಹೊಸ ಕಾರಿನ ಆಸೆಗೆ ಜನ ಹತ್ತು ವರ್ಷವನ್ನೂ ಕಾಯದೆ ಒಂದು ಗೀರೂ ಬೀಳದ ಕಾರುಗಳನ್ನು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ ಕೀಲಿ ಕೊಟ್ಟು ಹೋಗುತ್ತಿದ್ದರು. ನಾನು ಆಯಿಲ್ ಇಳಿಸುತ್ತಿದ್ದೆ, ಬ್ಯಾಟರಿ ಕಳಚುತ್ತಿದ್ದೆ, ಆಮೇಲೆ ಗರಗಸ ಹಿಡಿದು ಕಾರನ್ನು ಅಡ್ಡ ಕೊಯ್ಯುತ್ತಿದ್ದೆ. ಮುಂದಿನ ಅರ್ಧಕ್ಕೆ ಹಾಫ್-ಕಟ್ ಎಂದು ಹೆಸರು. ಇಂಜಿನ್ನು, ಗೇರು, ದೀಪ, ಸ್ಟೀರಿಂಗು ಎಲ್ಲ ಅದರಲ್ಲೇ ಇರುತ್ತದೆ. ಅದು ಲಾರಿ ಹತ್ತಿ ಸೇತುವೆ ದಾಟಿ ಪಕ್ಕದ ಮಲೇಶಿಯಾಕ್ಕೆ ಹೋಗುತ್ತಿತ್ತು. ಇಡಿಯಾಗಿ ಹೋದರೆ ಅದು ಕಾರು, ಮೈತುಂಬ ಸುಂಕ. ಅರ್ಧ ಹೋದರೆ ಬಿಡಿಭಾಗ. ಒಂದು ಗಂಟೆಯಲ್ಲಿ ಲಾರಿ ದಾಟುವ ದಾರಿಗೋಸ್ಕರ ಚೆನ್ನಾಗಿದ್ದ ಕಾರನ್ನು ಎರಡು ತುಂಡು ಮಾಡುವುದು ನನ್ನ ಹೊಟ್ಟೆಪಾಡು.

ಬಂದ ಮರುವರ್ಷ ಒಂದು ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಶೆಡ್ಡಿನಲ್ಲಿದ್ದಾಗ ಅಕ್ಕನ ಫೋನು ಬಂತು. ಅವ್ವ ಹೋದಳು. ಹಾಲು ಕಾಸುತ್ತ ನಿಂತವಳು ಹಾಗೇ ಕುಸಿದಳಂತೆ. ಅಕ್ಕನಿಗೆ ಮಾತು ಮುಂದುವರಿಸಲು ಆಗಲಿಲ್ಲ, ಅಪ್ಪ ಫೋನು ಇಸಿದುಕೊಂಡ.

‘ಬರಾಕ ಆಗತೈತೇನ ತಮ್ಮಾ?’

‘ಲೈನ್ ನಿಲ್ಲಿಸಾಕ ಬರಂಗಿಲ್ಲ ಅಪ್ಪಾ’ ಎಂದೆ.

‘ಹೌದ್ಹೌದು. ಅದೂ ಖರೇನ ಐತಿ’ ಎಂದು ಇಟ್ಟುಬಿಟ್ಟ.

ಬರಬಹುದಿತ್ತು. ಸಂಜೆಗೆ ವಿಮಾನವಿತ್ತು, ಪಾಸ್‌ಪೋರ್ಟು ರೂಮಿನಲ್ಲೇ ಇತ್ತು. ಮಾಲೀಕ ಮುಂಗೋಪಿ, ಆದರೆ ಕಟುಕನಲ್ಲ; ಕೇಳಿದ್ದರೆ ಬಿಡುತ್ತಿದ್ದ. ನಾನು ಕೇಳಲಿಲ್ಲ. ಯಾಕೆ ಎಂದು ಇವತ್ತಿಗೂ ನೆಟ್ಟಗೆ ಹೇಳಲಾರೆ. ಫ್ಯಾಕ್ಟರಿ, ಕಾರು ಜೋಡಿಸುತ್ತ ಸಾಗುವ ಲೈನು ಎನ್ನುವ ಮಾತು ಬಾಯಲ್ಲಿ ಸಿದ್ಧವಾಗಿತ್ತು, ಬಂತು. ಆಡಿದ ಮೇಲೆ ಅದರ ಹಿಂದೆ ಅಡಗಿ ಕೂತೆ. ದುಃಖ ಬರುತ್ತದೆ ಎಂದು ಕಾದೆ, ಅದೂ ಬರಲಿಲ್ಲ. ಅವತ್ತು ಎರಡು ಕಾರು ಕೊಯ್ದೆ. ಮಧ್ಯಾಹ್ನ ಹಾಕರ್ ಸೆಂಟರಿನ ಊಟದಂಗಡಿಯಲ್ಲಿ ಒಂದು ಪರಾಟಾ ತಿಂದೆ, ಹಸಿವು ಹೋಗಲಿಲ್ಲವೆಂದು ಇನ್ನೊಂದು ಹೇಳಿದೆ. ತಾಯಿ ಸತ್ತ ದಿನ ಇನ್ನೊಂದು ಪರಾಟಾ ಹೇಳಿದವನು ನಾನು. ಇದನ್ನು ಬರೆಯುವಾಗಲೂ ಕೈ ನಡುಗುತ್ತಿಲ್ಲ, ಅದೇ ನನಗೆ ಹೇಸಿಗೆ.

ಅವ್ವನ ಮಣ್ಣು ಅವತ್ತು ಸಂಜೆಯೇ ಆಯಿತು. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ನಾನು ಫೋನು ಮಾಡಿದರೆ ‘ಅಪ್ಪಗ ಕೊಡ್ತೀನಿ’ ಎಂದು ಎತ್ತಿ ಕೊಟ್ಟುಬಿಡುತ್ತಿದ್ದಳು. ಅಪ್ಪ ಮಾತ್ರ ಮೊದಲಿನ ಹಾಗೇ ಇದ್ದ. ಕೆಲಸದ ಮೇಲಿರುವ ಮನುಷ್ಯನಿಗೆ ತಪ್ಪು ಹೊರಿಸುವ ಜಾತಿಯವನಲ್ಲ ಅವನು. ಆ ಫ್ಯಾಕ್ಟರಿ ಇರುವತನಕ ನಾನು ಕೆಲಸ ಬಿಟ್ಟು ಬರಲಾಗದ ಮಗ. ಅದು ಇಲ್ಲವೆಂದಾದರೆ ಬರದೇ ಹೋದ ಮಗ. ನಡುವೆ ಇದ್ದದ್ದು ಒಂದು ಶಬ್ದ ಅಷ್ಟೇ.

ಎಂಟು ತಿಂಗಳಾದ ಮೇಲೆ ಅಪ್ಪ ಒಂದು ತಿಂಗಳ ಮಟ್ಟಿಗೆ ಇರಲು ಬಂದ. ನಾನು ಕರೆದಿರಲಿಲ್ಲ. ‘ನಿನ್ನ ಫ್ಯಾಕ್ಟರಿ ನೋಡಬೇಕು’ ಎಂದು ಅವನೇ ಹಟ ಹಿಡಿದು, ಅಳಿಯನ ಕೈಯಲ್ಲಿ ಟಿಕೆಟ್ಟು ಮಾಡಿಸಿಕೊಂಡು, ಒಂದು ಚೀಲ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಟ್ಟಿ ವಿಭೂತಿ ಕಟ್ಟಿಕೊಂಡು ಇಳಿದ. ಸೆರಂಗೂನಿನ ಫ್ಲಾಟಿನಲ್ಲಿ ನಾನೊಂದು ರೂಮು, ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಇನ್ನೊಂದು ರೂಮು. ಅವನು ಒನ್-ನಾರ್ತ್ ಎಂಬ ಟೆಕ್ ಪಾರ್ಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ಬಾಯಿ ಮುಚ್ಚುವ ಅಭ್ಯಾಸವಿರಲಿಲ್ಲ.

‘ಅಂಕಲ್, ಈ ವೀಕೆಂಡ್ ಏನ್ ಪ್ಲ್ಯಾನ್? ಝೂಗೆ ಬುಕ್ ಮಾಡ್ಲಾ?’ ಎಂದು ಅವನು ಕೇಳಿದ.

‘ಝೂ ಏನ್ ಮಾಡೂದೈತಿ? ನಮ್ಮಲ್ಲೂ ಬಿಂಕದಕಟ್ಟಿಯೊಳಗ ಐತಿ. ನನಗ ಇವನ ಫ್ಯಾಕ್ಟರಿ ನೋಡೂದೈತಿ.’

‘ಫ್ಯಾಕ್ಟರಿನಾ? ಯಾವ ಫ್ಯಾಕ್ಟ...’ ಎನ್ನುವಷ್ಟರಲ್ಲಿ ಟೇಬಲ್ಲಿನ ಕೆಳಗೆ ಅವನ ಕಾಲು ತುಳಿದೆ. ಪಾಪ, ಚಪ್ಪಲಿ ಹಾಕಿರಲಿಲ್ಲ. ‘ಅಯ್ಯಪ್ಪಾ’ ಎಂದು ಎದ್ದು ಹೋದ.

ಎರಡು ವಾರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದೆ. ಒಳಗೆ ಬಿಡಲು ಪಾಸು ಬೇಕು ಎಂದೆ. ದೂರ ಇದೆ ಎಂದೆ. ಈ ವಾರ ದೊಡ್ಡ ಆರ್ಡರಿದೆ ಎಂದೆ. ಅಪ್ಪ ಎಲ್ಲವನ್ನೂ ನಂಬಿದ. ನಂಬುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಅದೇ ನನ್ನ ಪೀಕಲಾಟ. ಅಷ್ಟರಲ್ಲಿ ಖಂಡೇನವಮಿ, ಅಂದರೆ ಆಯುಧಪೂಜೆ, ಬಂತು.

‘ಖಂಡೇನವಮಿ ದಿವಸ ದುಡಿಯೂ ಮಷಿನ್ನಿಗೆ ಇಬತ್ತಿ ಹಚ್ಚದ ಹಂಗ ಬಿಡ್ತಾರೇನಲೇ? ಒಳಗ ಬಿಡದಿದ್ರ ಗೇಟಿಗರ ಹಚ್ಚಿ ಬರ್ತೀನಿ ನಡಿ.’

ಗೇಟಿಗೆ! ಇಲ್ಲದ ಫ್ಯಾಕ್ಟರಿಯ ಗೇಟನ್ನು ಎಲ್ಲಿಂದ ತರಲಿ? ಕೊನೆಗೆ ಒಂದು ಉಪಾಯ ಹೂಡಿದೆ. ಹಬ್ಬ ಬಿದ್ದದ್ದು ಶನಿವಾರ, ಅವತ್ತು ಶೆಡ್ಡಿಗೆ ಅರ್ಧ ದಿನ. ಎಲ್ಲರೂ ಹೋದ ಮೇಲೆ ಕರೆದುಕೊಂಡು ಹೋಗಿ, ಇದು ಫ್ಯಾಕ್ಟರಿಯ ಸ್ಪೇರ್ ಪಾರ್ಟ್ಸ್ ವಿಭಾಗ, ದೊಡ್ಡ ಫ್ಯಾಕ್ಟರಿಗೆ ಹೊರಗಿನವರನ್ನು ಬಿಡುವುದಿಲ್ಲ ಎಂದು ಹೇಳಿಬಿಡುವುದು. ಅಪ್ಪ ಒಗೆದ ಧೋತರ ಉಟ್ಟು, ಟೋಪಿ ಹಾಕಿಕೊಂಡು ಬಸ್ಸು ಹತ್ತಿದ.

ಶೆಡ್ಡಿನಲ್ಲಿ ಏಳೆಂಟು ಅರ್ಧ ಕಾರುಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಅಪ್ಪ ಬಾಗಿಲಲ್ಲೇ ನಿಂತ.

‘ಇದೇನ ತಮ್ಮಾ, ಅರ್ಧ ಅರ್ಧ ಅದಾವು?’

‘ಸ್ಪೇರ್ ಪಾರ್ಟ್ಸ್ ಅಪ್ಪಾ. ಇದು ಆ ವಿಭಾಗ.’

ಅವನು ಹತ್ತಿರ ಹೋಗಿ ಕೊಯ್ದ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಒಂದಿಂಚೂ ಬಿಡದೆ, ಈ ಕಡೆಯ ಕಂಬದಿಂದ ಆ ಕಡೆಯ ಕಂಬದತನಕ. ‘ಗ್ಯಾಸ್ ಹಚ್ಚಿಲ್ಲ ಇದಕ್ಕ, ಗರಗಸದ ಕೆಲಸ. ಎಲ್ಲೂ ನಡುಗಿಲ್ಲ ನೋಡು. ಯಾರ ಕೈ ಇದು?’

‘ನಂದು.’

‘ಚಲೋ ಐತಿ ಕೈ’ ಎಂದ. ಚಿಕ್ಕಂದಿನಿಂದ ನನ್ನ ಒಂದು ಕೆಲಸವನ್ನೂ ಹೊಗಳದ ಮನುಷ್ಯ. ಅಲ್ಲಿಗೇ ಮನೆಗೆ ಹೋಗಿದ್ದರೆ ಎಲ್ಲ ನೆಟ್ಟಗಿರುತ್ತಿತ್ತೋ ಏನೋ.

ಆದರೆ ಸ್ಟೋರಿನ ಅಂಕಲ್ ಹೋಗಿರಲಿಲ್ಲ. ಅವರು ನಮ್ಮ ಶೆಡ್ಡಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ಚೀನೀ ಮುದುಕರು. ಅಪ್ಪನಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಹುಟ್ಟಿದ್ದು ಸೇತುವೆಯ ಆಚೆ. ಅಪ್ಪ ಗರಗಸಕ್ಕೂ ಕಂಪ್ರೆಸರಿಗೂ ವಿಭೂತಿ ಹಚ್ಚಿ ಊದುಬತ್ತಿ ಬೆಳಗುವಾಗ ಅವರು ಒಳಗಿಂದ ಬಂದು ಕೈಮುಗಿದು ಪಕ್ಕದಲ್ಲಿ ನಿಂತರು. ಆಮೇಲೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಕಾಫಿ ಕಟ್ಟಿಸಿಕೊಂಡು ಬಂದರು. ಮೂವರೂ ಹಳೇ ಕಾರಿನ ಸೀಟುಗಳ ಮೇಲೆ ಕೂತೆವು. ಇಬ್ಬರ ನಡುವೆ ಭಾಷೆ ಇರಲಿಲ್ಲ, ಅನುವಾದಕ್ಕೆ ನಾನಿದ್ದೆ.

ಅಪ್ಪ ಟರ್ನರ್ ಆಗಿದ್ದ ಎಂದು ತಿಳಿದ ಕೂಡಲೇ ಅಂಕಲ್ ಮುಖ ಅರಳಿತು. ‘ನಾನು ಕಾರ್ ಲೈನ್ ಮ್ಯಾನ್ ಲಾ. ಡೋರ್ ಸೆಕ್ಷನ್’ ಎಂದರು, ಮಾತಿಗೊಂದು ‘ಲಾ’ ಸೇರಿಸುವ ಇಲ್ಲಿಯ ರೂಢಿಯಲ್ಲಿ. ಅನುವಾದ ಮಾಡುವ ಮೊದಲೇ ‘ಕಾರ್ ಲೈನ್’ ಎನ್ನುವುದು ಅಪ್ಪನಿಗೆ ತಿಳಿದುಹೋಯಿತು. ಸೀಟಿನ ತುದಿಗೆ ಸರಿದ. ಅಂಕಲ್ ಎದ್ದು ನಿಂತು ತೋರಿಸಿದರು: ಬಾಗಿಲುಗಳು ಮೇಲಿನ ಕೊಕ್ಕೆಗೆ ಜೋತುಕೊಂಡು ಒಂದರ ಹಿಂದೆ ಒಂದು ಹೇಗೆ ಬರುತ್ತಿದ್ದವು, ಇವರು ಹೇಗೆ ಮಂಡಿಯಿಂದ ಎತ್ತಿ ಹಿಡಿದು ಕಾರಿನ ಹಿಂಜ್ ಕೀಲಿಗೆ ಕೂಡಿಸುತ್ತಿದ್ದರು, ಬಾಗಿಲಿನ ಸಂದು ಸರಿಯಿದೆಯೇ ಎಂದು ಎರಡು ನಾಣ್ಯ ಜೋಡಿಸಿ ತೂರಿಸಿ ಹೇಗೆ ನೋಡುತ್ತಿದ್ದರು. ನಾಣ್ಯ ಸಲೀಸಾಗಿ ಹೋದರೆ ಬಾಗಿಲು ಸರಿ. ಅಪ್ಪ ತೊಡೆ ತಟ್ಟಿ ನಕ್ಕ. ‘ಗೇಜ್ ಇಲ್ಲಂದ್ರ ನಾವು ಬೀಡಿ ಕಟ್ಟಿನ ಕಾಗದ ಇಡ್ತಿದ್ದಿವಿ ಅನ್ನು ಅವರಿಗೆ.’ ಅಂದೆ. ಅಂಕಲ್ಲೂ ನಕ್ಕರು.

‘ನೀನೂ ಅದ ಲೈನಿನ್ಯಾಗ ಇದ್ದಿಯೇನು? ಇವರ ಕೂಡ?’ ಎಂದು ಅಪ್ಪ ನನ್ನನ್ನು ಕೇಳಿದ. ನಾನು ಕಾಫಿ ಹೀರಿದೆ.

ಅಂಕಲ್ ನಿಲ್ಲಿಸಲಿಲ್ಲ. ಕೇಳುವವರು ಸಿಕ್ಕದೆ ಎಷ್ಟು ವರ್ಷವಾಗಿತ್ತೋ. ಅವರು ಕೆಲಸಕ್ಕೆ ಸೇರಿದಾಗ ಸೇತುವೆಯ ಈಚೆ, ಆಚೆ ಎಂದು ಇರಲಿಲ್ಲವಂತೆ, ಎರಡೂ ಒಂದೇ ದೇಶ. ಇಲ್ಲಿ ಕಟ್ಟಿದ ಕಾರು ಆಚೆಯ ಉದ್ದಗಲಕ್ಕೂ ಮಾರಾಟವಾಗುತ್ತದೆ, ಫ್ಯಾಕ್ಟರಿ ಇನ್ನೂ ಬೆಳೆಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಎರಡು ವರ್ಷವೂ ತುಂಬಲಿಲ್ಲ, ದೇಶಗಳು ಬೇರೆಯಾದವು. ಒಂದು ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು. ಅವತ್ತು ಲೈನು ಎಂದಿನಂತೆ ಓಡಿತು, ಯಾರಿಗೂ ಏನೂ ಅನಿಸಲಿಲ್ಲ. ಆಮೇಲೆ ಆಚೆಯವರು ತಮ್ಮದೇ ಫ್ಯಾಕ್ಟರಿಗಳನ್ನು ಎಬ್ಬಿಸಿದರು, ಇಲ್ಲಿಂದ ಬರುವ ಕಾರಿಗೆ ಸುಂಕ ಹಾಕಿದರು. ಇಲ್ಲಿಯ ಸರ್ಕಾರ ಹೊರಗಿನ ಕಾರಿಗೆ ಸುಂಕ ಹಾಕಿ ಇವರನ್ನು ಕೆಲವು ವರ್ಷ ಸಾಕಿತು. ಆದರೆ ಇಷ್ಟು ಸಣ್ಣ ಊರಲ್ಲಿ ಎಷ್ಟು ಜನ ಕಾರು ಕೊಂಡಾರು? ಕೊನೆಗೆ ಆ ಆಸರೆಯನ್ನೂ ತೆಗೆದರು.

ಇದನ್ನೆಲ್ಲ ನಾನು ಪ್ರಾಮಾಣಿಕವಾಗಿ ಕನ್ನಡ ಮಾಡಿದೆ. ಅಪ್ಪ ತಲೆಯಾಡಿಸುತ್ತ ಕೇಳಿದ.

‘ಅಣ್ಣತಮ್ಮರು ಬ್ಯಾರೆ ಆದ್ರು ಅನ್ನು. ಒಲಿ ಎರಡಾತು. ದೊಡ್ಡ ಹಂಡೇದಾಗ ಅಡಗಿ ಮಾಡೂದು ಯಾರಿಗೂ ಬ್ಯಾಡಾತು.’ ಸ್ವಲ್ಪ ತಡೆದು, ‘ಹಂಡೆ ಏನಾತು ಆಮ್ಯಾಲ? ಕೇಳು’ ಎಂದ.

ಕೇಳಿದೆ. ಅಂಕಲ್ ಎರಡೂ ಕೈಯನ್ನು ಅಡ್ಡ ಹಿಡಿದು, ‘ಫಿನಿಶ್ ಲಾ. ಆಲ್ ಕ್ಲೋಸ್’ ಎಂದರು.

‘ಬೇರೆ ಕಡೆ ಹೋತಂತ’ ಎಂದೆ ನಾನು.

ಗದಗಿನ ಗಿರಣಿಯಲ್ಲಿ ದುಡಿದವನ ಎದುರಿಗೆ ಆ ಒಂದು ಇಂಗ್ಲಿಷ್ ಶಬ್ದವನ್ನು ಮುಚ್ಚಿಡುತ್ತೇನೆ ಎಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು! ಅವರ ಗಿರಣಿಯ ಬಾಗಿಲಿಗೆ ನೋಟೀಸು ಅಂಟಿಸಿದ ದಿನದಿಂದ ಓಣಿಯ ಹೆಂಗಸರೂ ಆ ಶಬ್ದ ಬಲ್ಲರು. ಅಪ್ಪ ನನ್ನ ಕಡೆ ತಿರುಗಿದ.

‘ಕ್ಲೋಸ್ ಅಂದ್ರಲ್ಲ ಅವರು.’

‘ಹೌದು.’

‘ಯಾವಾಗ ಆಗಿದ್ದು ಅದು?’

ಅಂಕಲ್ಲನ್ನು ಕೇಳುವ ಅಗತ್ಯವಿರಲಿಲ್ಲ. ಅವರು ಆ ಕತೆಯನ್ನು ನನಗೆ ಹತ್ತು ಸಲ ಹೇಳಿದ್ದರು. ‘ನಾ ತೊಟ್ಟಲದಾಗ ಇದ್ದಾಗ’ ಎಂದೆ.

‘ಮತ್ತ ಈಗ? ಈಗ ಈ ಊರಾಗ ಕಾರ್ ಎಲ್ಲಿ ಮಾಡ್ತಾರ?’

‘ಎಲ್ಲೂ ಇಲ್ಲ ಅಪ್ಪಾ.’

ಅಪ್ಪ ಅರ್ಧ ಕಾರುಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಬಯ್ಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಮೆಲ್ಲಗೆ, ‘ಇನ್ನೊಂದ ಕೇಳು ಅವರಿಗೆ’ ಎಂದ. ‘ಲೈನ್ ಮ್ಯಾಲೆ ಇದ್ದಾಗ ಯಾರದರ ಮನ್ಯಾಗ ಸಾವಾದ್ರ ಬಿಡ್ತಿದ್ರೇನು?’

ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದು ನಾನೇ. ನನ್ನ ದನಿ ನನಗೇ ಬ್ಯಾಂಕಿನ ಕೌಂಟರಿನವನ ದನಿಯ ಹಾಗೆ ಕೇಳಿಸಿತು.

ಅಂಕಲ್‌ಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ‘ಆಫ್ ಕೋರ್ಸ್ ಲಾ! ಗೋ ಹೋಮ್!’ ಎಂದರು. ಲೈನಿನಲ್ಲಿ ಯಾವಾಗಲೂ ಒಬ್ಬ ಬದಲಿ ಆಳು ಇರುತ್ತಿದ್ದ, ನೀನು ಹೋದರೆ ಅವನು ನಿನ್ನ ಜಾಗದಲ್ಲಿ ನಿಲ್ಲುತ್ತಿದ್ದ, ಲೈನು ನಿಲ್ಲಿಸುವ ಮಾತೆಲ್ಲಿಂದ ಬಂತು ಎಂದರು. ತಮ್ಮ ತಾಯಿ ಸತ್ತಾಗ ದೇಶ ಬೇರೆಯಾಗಿ, ಸೇತುವೆಯ ಮೇಲೆ ಪಾಸ್‌ಪೋರ್ಟು ಕೇಳುವ ಕಾಲ ಬಂದಿತ್ತಂತೆ. ಸಾಲಿನಲ್ಲಿ ನಿಂತು ದಾಟಿ ಹೋಗಿ ಹೆಗಲು ಕೊಟ್ಟೆ ಎಂದು ಬಲಗೈಯಿಂದ ಎಡಹೆಗಲು ತಟ್ಟಿ ತೋರಿಸಿದರು.

ನಾನು ಬಾಯಿ ತೆರೆದೆ. ಅಪ್ಪ ಕೈ ಎತ್ತಿ ತಡೆದ. ‘ತಿಳೀತು ಬಿಡು’ ಎಂದ.

ಅಂಕಲ್‌ಗೆ ಕೈಮುಗಿದು ಎದ್ದೆವು. ಬಸ್ಸು ಹಿಡಿದೆವು. ಸೆರಂಗೂನಿನಲ್ಲಿ ಇಳಿದು ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕೆಂಬ ತೆರೆದ ಪಡಸಾಲೆಗೆ ಬಂದಾಗ, ಅಲ್ಲಿಯ ಕಲ್ಲಿನ ಬೆಂಚು ನೋಡಿ, ‘ತುಸು ಕುಂದ್ರೂಣು’ ಎಂದ. ಮಕ್ಕಳು ಸೈಕಲ್ಲು ಹೊಡೆಯುತ್ತಿದ್ದರು. ಇನ್ನೂ ಬಿಸಿಲಿತ್ತು.

‘ನಿಮ್ಮಕ್ಕ ಒಂದ ದಿನಾ ಇಡೂಣು ಅಂದಿದ್ಲು’ ಎಂದ ಅಪ್ಪ. ‘ಬರ್ಫ ತರಿಸ್ತೀನಿ, ಅವ ನಾಳೆ ಬಂದ ಬರ್ತಾನ, ಅವನ ಕೈಲೆ ಒಂದ ಹಿಡಿ ಮಣ್ಣ ಬೀಳಲಿ ಅಂತ ಕಾಲ ಹಿಡಕೊಂಡ್ಲು. ಮಠದ ಅಯ್ನಾರೂ ಕಾಯ್ರಿ, ಏನ ತ್ರಾಸಿಲ್ಲ ಅಂದ್ರು. ನಾನ ಬ್ಯಾಡ ಅಂದೆ. ಲೈನ್ ಮ್ಯಾಲಿನ ಮನಶ್ಯಾನ್ನ ಎಬ್ಬಸಬಾರದು ಅಂತ ಮಂದಿ ಮುಂದ ಗದರಿಸಿದೆ ಆಕಿನ್ನ. ಹೊತ್ತ ಮುಣಗೂದ್ರಾಗ ಮುಗಿಸಿಬಿಟ್ಟೆ.’

ಇದು ನನಗೆ ಗೊತ್ತಿರಲಿಲ್ಲ. ನಾನು ಹೇಳಿದ ಮಾತು ನನ್ನನ್ನು ಬಚ್ಚಿಟ್ಟಿತು ಎಂದಷ್ಟೇ ತಿಳಿದಿದ್ದೆ. ಅದು ಅಲ್ಲಿ, ಅಂಗಳದಲ್ಲಿ, ಅಷ್ಟು ಮಂದಿಯ ನಡುವೆ ಇಂಥ ಕೆಲಸ ಮಾಡಿತ್ತು. ಆಗಲಾದರೂ ಅಳು ಬರಬೇಕಿತ್ತು. ಎದೆಯಲ್ಲಿ ಏನೂ ಅಲುಗಲಿಲ್ಲ. ‘ತಪ್ಪಾತು ಅಪ್ಪಾ’ ಎಂದೆ. ಬೇರೆ ಯಾರೋ ಅಂದ ಹಾಗಿತ್ತು.

ಅಪ್ಪ ಧೋತರದ ತುದಿಯಿಂದ ಮುಖ ಒರೆಸಿಕೊಂಡ. ‘ನಿಮ್ಮಕ್ಕಗ ಇದನ್ನ ಹೇಳಬ್ಯಾಡ’ ಎಂದ. ‘ಆಕಿ ತಾಳೂದಿಲ್ಲ.’ ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು ಲಿಫ್ಟಿನ ಕಡೆ ನಡೆದ.

ಉಳಿದ ದಿನಗಳಲ್ಲಿ ಅವನು ಆ ಮಾತು ಎತ್ತಲಿಲ್ಲ. ಬೆಂಗಳೂರು ಹುಡುಗನ ಜೊತೆ ಝೂಗೆ ಹೋಗಿಬಂದ. ಎಂದಿನ ಹಾಗೆ ನನಗೆ ರೊಟ್ಟಿ ನೀರು ಚಿಮುಕಿಸಿ ಬಿಸಿ ಮಾಡಿ ಇಟ್ಟ. ಮುಖ ನೋಡಿ ಮಾತಾಡುವುದನ್ನು ಮಾತ್ರ ಬಿಟ್ಟ. ತಟ್ಟೆ ನೋಡಿ, ಕಿಟಕಿ ನೋಡಿ ಮಾತಾಡುತ್ತಿದ್ದ. ತಿಂಗಳಾಗುತ್ತಲೇ ಹೊರಟುಹೋದ.

ಅವನು ಹೋದ ಮರುವಾರ, ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಫೋನು ಬಂತು. ಅಕ್ಕ. ಅವ್ವ ಹೋದ ಮೇಲೆ ಅವಳಾಗಿ ಮಾಡಿದ ಮೊದಲ ಫೋನು.

‘ಅಪ್ಪ ಎಲ್ಲಾ ಹೇಳಿದ’ ಎಂದಳು. ನನ್ನ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಬಕೆಟ್ಟಿಗೆ ಹಾಕಿದೆ. ಒಂದರ್ಥದಲ್ಲಿ ಹಗುರವೇ ಅನಿಸಿತು.

‘ಎಷ್ಟ ದೊಡ್ಡದೈತಂತ ನಿನ್ನ ಫ್ಯಾಕ್ಟರಿ! ಬಾಗಲಾ ಮ್ಯಾಲಿಂದ ಜೋತಾಡಕೋತ ಒಂದರ ಹಿಂದ ಒಂದ ಬರ್ತಾವಂತ. ನೀ ನಿಂದ್ರೂ ಜಾಗಾ ಸೈತ ನೋಡಿ ಬಂದಾನ. ಕೇಳಿದವರಿಗೆಲ್ಲಾ ಎದ್ದ ನಿಂತ ಮಾಡಿ ತೋರಸ್ತಾನ, ನೀ ಹೆಂಗ ಮೊಣಕಾಲಲೆ ಎತ್ತಿ ಕೂಡಸ್ತಿ ಅಂತ. ಒಂದ ಹೆಜ್ಜಿ ಆ ಕಡೆ ಸರಿಯಾಕ ಬರಂಗಿಲ್ಲಂತಲ್ಲ, ತಮ್ಮಾ?’

ಅವಳು ಅಳುತ್ತಿದ್ದಳು.

‘ನನಗೇನ ಗೊತ್ತಿತ್ತಪಾ. ತಾಯಿ ಮಣ್ಣಿಗೆ ಬರಲಿಲ್ಲ, ಎಂಥಾ ಕಲ್ಲ ಹುಟ್ಟೇತಿ ಇದು ಅಂತ ಇಷ್ಟ ದಿನಾ ನಿನ್ನ ಬೈಕೋತ ಕುಂತೆ. ನಂದ ತಪ್ಪಾತು. ಮನಸಿನ್ಯಾಗ ಇಟ್ಕೋಬ್ಯಾಡ.’

‘ಇರ್ಲಿ ಬಿಡ ಅಕ್ಕಾ’ ಎಂದೆ.